ಎಡಗಡೆಯಿಂದ ಬಂದ ಚೆಂಡು

೧೯೬೩ರ ಹಾಕಿ ಸೀಸನ್ನಿನಲ್ಲಿ ಶಿಡ್ಲಘಟ್ಟದ ಹೈಸ್ಕೂಲು ಹುಡುಗರು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನವರು ಬಂದು ಸೋಲಿಸಿ ಹೋಗುತ್ತಿದ್ದರು. ಇವರು ಅಲ್ಲಿಗೆ ಹೋದರೂ ಸೋತು ಬರುತ್ತಿದ್ದರು. ಸೋಲು ತೀರಾ ನಗೆಪಾಟಲಾಗದಂತೆ ತಡೆದವನೆಂದರೆ ಗೋಲು ಕಾಯುವ ಗೋಲಿ ಎರ್ರಪ್ಪ.

ಎರ್ರಪ್ಪನಿಗೆ ಅದು ಬರೀ ಆಟವಾಗಿರಲಿಲ್ಲ. ಹಿಂದಿನ ವರ್ಷ ಫೇಲಾಗಿದ್ದ ಅವನನ್ನು ಹೆಡ್‌ಮಾಸ್ತರರು ಶಾಲೆಯಿಂದ ಬಿಡಿಸಲು ಹೊರಟಿದ್ದರು. ಡ್ರಿಲ್ ಮೇಷ್ಟ್ರು ನರಸಿಂಹಪ್ಪ ಅಡ್ಡ ಬಂದು, "ಗೋಲಿಗೆ ಇವನು ಬೇಕೇ ಬೇಕು ಸಾರ್" ಎಂದು ಉಳಿಸಿಕೊಂಡಿದ್ದರು. ಬಾಗಿಲಾಚೆ ನಿಂತಿದ್ದ ಎರ್ರಪ್ಪ ಆ ಮಾತು ಕೇಳಿಸಿಕೊಂಡಿದ್ದ. ಅವನ ತಾಯಿ ಮುನಿಶಾಮಮ್ಮ ರೇಷ್ಮೆ ನೂಲು ತೆಗೆಯುವ ಕಡೆ ಕೂಲಿಯವಳು. ಕುದಿಯುವ ನೀರಿನಲ್ಲಿ ಗೂಡು ಕೆದಕಿ ಕೆದಕಿ ಅವಳ ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿದ್ದವು. ಶಾಲೆ ತಪ್ಪಿದರೆ ತನಗೂ ಆ ಬಿಸಿನೀರೇ ಗತಿ ಎಂದು ಅವನಿಗೆ ಗೊತ್ತಿತ್ತು.

ಚಿಂತಾಮಣಿಯ ಪಂದ್ಯದಲ್ಲಿ ಚೆಂಡು ನೆಲಬಿಟ್ಟು ಎದ್ದು ಅವನ ಎಡಗಣ್ಣಿಗೆ ಬಡಿಯಿತು. ಮುಖಕ್ಕೆ ನೀರು ಹಾಕಿಕೊಂಡು ಮತ್ತೆ ನಿಂತ. ವಾಪಸು ಬರುವಾಗ ಚಿಕ್ಕ ರೈಲಿನಲ್ಲಿ ಮೇಷ್ಟ್ರು ಅವನ ಊದಿದ ಮುಖ ಎತ್ತಿ ನೋಡಿದರು.

"ಕಾಣ್ತಾ ಇದೆಯೇನೋ?"

"ಕಾಣ್ತಾ ಇದೆ ಸಾರ್."

ಆಗ ಅದು ಸುಳ್ಳಾಗಿರಲಿಲ್ಲ. ಊತ ಇಳಿದ ಮೇಲೆ ಕಣ್ಣಿನ ಅಂಚಿನಲ್ಲಿ ಮಿಂಚು ಹೊಳೆಯತೊಡಗಿತು. ಆಮೇಲೆ ಅದೇ ಅಂಚಿನಿಂದ ಕಪ್ಪು ಬಟ್ಟೆ ಎಳೆದ ಹಾಗೆ ಕತ್ತಲು ಒಳಕ್ಕೆ ಸರಿಯಿತು. ದಿನಾ ಬೆಳಿಗ್ಗೆ ಎರ್ರಪ್ಪ ಬಲಗಣ್ಣು ಮುಚ್ಚಿಕೊಂಡು, ಕತ್ತಲು ಎಲ್ಲಿಯವರೆಗೆ ಬಂದಿದೆ ಎಂದು ನೋಡಿಕೊಳ್ಳುತ್ತಿದ್ದ. ಯಾರಿಗೂ ಹೇಳಲಿಲ್ಲ.

ಕಂಡುಹಿಡಿದವನು ಅವನ ಮುಂದೆ ಬ್ಯಾಕ್ ಆಡುತ್ತಿದ್ದ ಚನ್ನಕೇಶವ. ಎಡಗಡೆಯಿಂದ ನೀರಿನ ಲೋಟ ಚಾಚಿದರೆ ಎರ್ರಪ್ಪ ತೆಗೆದುಕೊಳ್ಳಲೇ ಇಲ್ಲ.

"ನಿಂಗೆ ಈ ಕಡೆ ಕಾಣ್ತಾ ಇಲ್ಲ ಅಲ್ವೇನೋ?"

"ಮೆಲ್ಲಗೆ ಮಾತಾಡೋ. ಮೇಷ್ಟ್ರಿಗೆ ಗೊತ್ತಾದ್ರೆ ನನ್ನ ತೆಗೆದಾಕ್ತಾರೆ. ಇನ್ನೊಂದೇ ಮ್ಯಾಚು ಕಣೋ. ಆಮೇಲೆ ಆಸ್ಪತ್ರೆಗೆ ಹೋಗ್ತೀನಿ, ನಮ್ಮಮ್ಮನಾಣೆ. ಹೇಳಲ್ಲ ಅಂತ ನೀನೂ ಆಣೆ ಮಾಡು."

"ಕಣ್ಣು ಹೋದ್ರೆ?"

"ಇಸ್ಕೂಲು ಹೋದ್ರೆ?"

ಚನ್ನಕೇಶವನ ಮನೆಯಲ್ಲಿ ಹೊಲವಿತ್ತು, ಹಿಪ್ಪುನೇರಳೆ ತೋಟವಿತ್ತು. ಶಾಲೆ ತಪ್ಪಿದರೂ ಅವನು ಬಿಸಿನೀರಿಗೆ ಕೈ ಹಾಕಬೇಕಿರಲಿಲ್ಲ. ಆಣೆ ಮಾಡಿದ.

ಕೊನೆಯ ಪಂದ್ಯ ಗೌರಿಬಿದನೂರಿನಲ್ಲಿ. ಚನ್ನಕೇಶವ ಗೆಳೆಯನ ಎಡಗಡೆಯನ್ನು ಬಿಟ್ಟು ಕದಲಲಿಲ್ಲ. ಚೆಂಡುಗಳನ್ನು ಮೊಣಕಾಲಿಗೆ ಬಡಿಸಿಕೊಂಡಾದರೂ ತಡೆದ. ಅರ್ಧ ಆಟ ಮುಗಿದಾಗ ಎರಡೂ ಕಡೆ ಗೋಲಿಲ್ಲ. ಆ ವರ್ಷ ಮೊದಲ ಸಲ ಹುಡುಗರ ಮುಖದಲ್ಲಿ ಆಸೆ ಕಂಡಿತು.

ಆದರೆ ಚನ್ನಕೇಶವ ಒಂದೇ ಕಡೆ ಕಾಯುವುದನ್ನು ನೋಡಿ ಎದುರಾಳಿಗಳಿಗೆ ಸುಳಿವು ಸಿಕ್ಕಿತ್ತು. ಹೊಡೆತಗಳೆಲ್ಲ ಎಡಕ್ಕೇ ಬರತೊಡಗಿದವು. "ಎಡಕ್ಕೆ! ಎಡಕ್ಕೆ ಕಣೋ!" ಎಂದು ಚನ್ನಕೇಶವನ ಗಂಟಲು ಬಿದ್ದುಹೋಯಿತು. ಎರ್ರಪ್ಪ ಕೂಗು ಬಂದತ್ತ ಹಾರುತ್ತಿದ್ದ. ಹಾಗೇ ಕೆಲವನ್ನು ತಡೆದ. ಕೊನೆಗೊಂದು ಚೆಂಡು ಅವನನ್ನು ದಾಟಿ ಹಿಂದಿನ ಹಲಗೆಗೆ ಬಡಿಯಿತು. ಗೋಲಾದ ಮೇಲೂ ಅವನು ಬಗ್ಗಿ ನಿಂತು ಚೆಂಡು ಹುಡುಕುತ್ತಲೇ ಇದ್ದ. ನೋಡುತ್ತಿದ್ದವರು ನಕ್ಕರು.

ನರಸಿಂಹಪ್ಪ ನಗಲಿಲ್ಲ. ಮೈದಾನದೊಳಕ್ಕೆ ನಡೆದು ಬಂದು, ಅವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದರು.

"ನನ್ನ ಮುಖ ಕಾಣ್ತದೇನೋ?"

ಎರ್ರಪ್ಪ ಅವರ ಕಾಲು ಹಿಡಿದುಕೊಂಡ. "ಇಸ್ಕೂಲಿಂದ ಕಳಿಸ್ಬೇಡಿ ಸಾರ್. ಗೋಲಿಗೆ ಬೇಕು ಅಂತ ನೀವು ಅಂದಿದ್ದು ಕೇಳಿಸ್ಕೊಂಡಿದ್ದೆ. ಹೇಗಾದ್ರೂ ಆಡ್ತೀನಿ."

ಮೇಷ್ಟ್ರು ಅವನ ತೋಳು ಹಿಡಿದು ಎಬ್ಬಿಸಿದರು. "ಗೋಲಿಗೆ ಬೇಕು ಅಂದಿದ್ದು ಹೆಡ್‌ಮಾಸ್ತರ ಬಾಯಿ ಮುಚ್ಚಿಸೋಕೆ ಕಣಪ್ಪ. ನೀನು ಓದ್ಲಿ ಅಂತ ಉಳಿಸ್ಕೊಂಡೆ. ಆಡ್ದೇ ಇದ್ರೂ ಉಳಿಸ್ಕೋತಿದ್ದೆ. ಒಂದು ಮಾತು ನನ್ನ ಕೇಳ್ಬಾರದಿತ್ತೇನೋ?"

ಆಗೆಲ್ಲ ಬದಲಿ ಆಟಗಾರನನ್ನು ಇಳಿಸುವಂತಿರಲಿಲ್ಲ. ಚನ್ನಕೇಶವನೇ ಪ್ಯಾಡು ಕಟ್ಟಿಕೊಂಡು ಗೋಲಿನಲ್ಲಿ ನಿಂತ. ಅವನು ಅಳುತ್ತಿದ್ದುದರಿಂದ ಚೆಂಡುಗಳು ಸಲೀಸಾಗಿ ಒಳಗೆ ಹೋದವು.

ಬೆಂಗಳೂರಿನ ಕಣ್ಣಾಸ್ಪತ್ರೆಗೆ ಮೇಷ್ಟ್ರೇ ಕರೆದುಕೊಂಡು ಹೋದರು. ಮುನಿಶಾಮಮ್ಮ, ಚನ್ನಕೇಶವ ಜೊತೆಗಿದ್ದರು. ಡಾಕ್ಟರು ಬಹಳ ಹೊತ್ತು ದೀಪ ಹಿಡಿದು ನೋಡಿ, ಕಣ್ಣಿನ ಒಳಪರದೆ ಕಿತ್ತುಹೋಗಿದೆ, ಮೊದಲೇ ಬಂದಿದ್ದರೆ ಪ್ರಯತ್ನ ಮಾಡಬಹುದಿತ್ತು, ಈಗ ಇರುವ ಇನ್ನೊಂದನ್ನು ಜೋಪಾನ ಮಾಡಿ ಎಂದರು.

ಹೊರಗೆ ಜಗಲಿಯ ಮೇಲೆ ಮುನಿಶಾಮಮ್ಮ ಚನ್ನಕೇಶವನ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ ನಾಯನಾ?"

"ಗೊತ್ತಿತ್ತಮ್ಮ."

"ಅವನನ್ನ ಏನೂ ಅನ್ಬೇಡಮ್ಮ, ನಾನೇ ಆಣೆ ಹಾಕ್ಸಿದ್ದು" ಎಂದ ಎರ್ರಪ್ಪ.

ಒಂದು ಬೈಗುಳವಾದರೂ ಬಂದೀತೆಂದು ಚನ್ನಕೇಶವ ತಲೆ ತಗ್ಗಿಸಿ ಕಾದ. ಅವಳು ಮಗನ ಎಡಗಡೆಗೆ ಹೋಗಿ ಕೂತಳು. ತಾಯಿ ಪಕ್ಕಕ್ಕೆ ಬಂದದ್ದು ತಿಳಿಯದೆ ಎರ್ರಪ್ಪ, "ಅಮ್ಮ, ಎಲ್ಲೋದೆ?" ಎಂದು ಕರೆದ.