ದಂಡನಾಯಕಿಯ ಬಾಲ

"ಜೀವ ಇರೋ ಕೋಳಿಯೇ ಇನ್ನೂರ ಎಂಬತ್ತಕ್ಕೆ ಸಿಗುತ್ತಲ್ಲಮ್ಮಾ, ಮೇಲೆ ಮೊಟ್ಟೇನೂ ಇಡುತ್ತೆ. ಬಟ್ಟೆ ಕೋಳಿಗೆ ಸಾವಿರದ ನೂರಾ?"

ಕೇಳಿದ ಮುದುಕನ ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದ. ಟೋಪಿಯನ್ನು ಮಂಡಿಯ ಮೇಲೆ ಬೋರಲು ಹಾಕಿಕೊಂಡು, ಇಲಾರಿಯಾ ಏನು ಹೇಳುತ್ತಾಳೋ ಎಂದು ಅವಳ ಬಾಯನ್ನೇ ನೋಡುತ್ತ ಕೂತ.

"ಹಾಗಾದ್ರೆ ಆ ಕೋಳೀನೇ ತಗೊಳ್ಳಿ ಯಜಮಾನ್ರೇ, ಹೊಲಿಗೆ ಬಿಚ್ಚೋ ಭಯ ಇರಲ್ಲ," ಎಂದಳು ಚೋಲೆ. ಇಲಾರಿಯಾಳ ನಾದಿನಿ. ಕೆಂಪು ಬಟ್ಟೆ ಕರಡಿಗಳ ರಾಶಿಯ ಹಿಂದಿನಿಂದ ಅವಳ ತಲೆ ಮಾತ್ರ ಕಾಣುತ್ತಿತ್ತು.

ಸಾವಿರದ ನೂರು ಎನ್ನುವುದು ಇಲಾರಿಯಾಳ ಮನಸ್ಸಿನಲ್ಲಿದ್ದ ಬೆಲೆಯೇ ಅಲ್ಲ. ಅಲ್ಲಿ ಇದ್ದದ್ದು ಸಾವಿರದ ಐನೂರು ಪೆಸೊ. ಅದು ಬಾಯಿಗೆ ಬರುವಷ್ಟರಲ್ಲಿ ಮುದುಕನ ಬೂಟು ಕಣ್ಣಿಗೆ ಬಿತ್ತು. ಹಳೆಯ ಬೂಟು, ಆದರೆ ಬೆಳಿಗ್ಗೆಯೇ ಎಣ್ಣೆ ಹಚ್ಚಿ ಉಜ್ಜಿದ್ದು. ಅಷ್ಟು ಸಾಕಾಯಿತು, ನಾನೂರು ಅಲ್ಲೇ ಉದುರಿಹೋಯಿತು. "ನಮ್ಮತ್ತಿಗೆ ಬಾಯಿಗೆ ತಳ ಇಲ್ಲ, ಗಿರಾಕಿ ಮುಖ ನೋಡಿದ್ರೆ ಬೆಲೆ ಸೋರುತ್ತೆ" ಎಂದು ಚೋಲೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದು ಸುಳ್ಳೇನಲ್ಲ.

ಜನವರಿ ತಿಂಗಳು. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಶೊನಕತ್ಲಾನ್ ಊರಿಗೆ ಊರೇ ಕರಡಿ ಹೊಲಿಯುತ್ತಿತ್ತು. ಒಂದು ಮನೆಯಲ್ಲಿ ಬಟ್ಟೆ ಕತ್ತರಿಸಿದರೆ ಮತ್ತೊಂದು ಮನೆಯಲ್ಲಿ ಹೊಲಿಗೆ, ಮೂರನೆಯದರಲ್ಲಿ ಹತ್ತಿ ತುಂಬುವುದು, ನಾಲ್ಕನೆಯದರಲ್ಲಿ ಬೆನ್ನಿನ ಸೀಳನ್ನು ಕೈಯಲ್ಲಿ ಹೊಲಿದು ಮುಚ್ಚುವುದು. ಹತ್ತಿಯ ಎಳೆ ರೆಪ್ಪೆಗೆ ಅಂಟುತ್ತದೆ, ರೊಟ್ಟಿಗೆ ಅಂಟುತ್ತದೆ, ಪಾದ್ರಿಯ ನಿಲುವಂಗಿಗೂ ಅಂಟುತ್ತದೆ. ಮೂವತ್ತೆಂಟು ವರ್ಷ ಕರಡಿ ಮಾಡಿದ ಇಲಾರಿಯಾ ಮೂರು ವರ್ಷದ ಹಿಂದೆ ಸಾಕು ಎಂದಿದ್ದಳು. ಈಗ ಯಾರು ಏನು ಕೇಳುತ್ತಾರೋ ಅದನ್ನು ಬಟ್ಟೆಯಲ್ಲಿ ಒಂದೇ ಒಂದು ಮಾಡಿಕೊಡುವುದು. ಸತ್ತ ನಾಯಿ, ಮಗು ಗೀಚಿದ ಭೂತ, ಒಬ್ಬ ಹಲ್ಲಿನ ಡಾಕ್ಟರಿಗೆ ಒಂದು ದವಡೆ ಹಲ್ಲು. ಊರಿನವರ ಪ್ರಕಾರ ಅದು ಕಸುಬಲ್ಲ, ಹಗಲು ದರೋಡೆ.

"ನೋಡಿ ಯಜಮಾನ್ರೇ," ಎಂದು ಅವಳು ರಾಶಿಯಿಂದ ಒಂದು ಕರಡಿಯ ಕಿವಿ ಹಿಡಿದೆತ್ತಿದಳು. "ಇದರ ಕಾಗದದ ಅಚ್ಚನ್ನ ಒಂದ್ಸಲ ಮಾಡ್ತಾರೆ, ಅದ್ರಲ್ಲಿ ಹತ್ತು ಸಾವಿರ ಕರಡಿ ಇಳಿಸ್ತಾರೆ. ನಿಮ್ಮ ಕೋಳಿಗೆ ಅಚ್ಚು ಎಲ್ಲಿದೆ? ನಾನೇ ಬರೀಬೇಕು. ಹಳೇ ಬೆಡ್‌ಶೀಟಲ್ಲಿ ಹೊಲಿದು ನೋಡಿದ್ರೆ ಅದು ಬಾತುಕೋಳಿ ಥರ ಕಾಣುತ್ತೆ. ಮತ್ತೆ ಬಿಚ್ಚಬೇಕು, ಮತ್ತೆ ಬರೀಬೇಕು. ಕೊನೆಗೆ ಸರಿಯಾದ ದಿನ ಆ ಅಚ್ಚನ್ನ ಒಲೆಗೆ ಹಾಕಬೇಕು. ಅಂಥದೇ ಕೋಳಿ ಬೇಕು ಅಂತ ಇನ್ಯಾರು ಬರ್ತಾರೆ?"

"ಬರಲ್ಲ," ಎಂದು ಮುದುಕ ಒಪ್ಪಿಕೊಂಡ. ಸ್ವಲ್ಪ ಹೊತ್ತು ಟೋಪಿಯ ಅಂಚನ್ನು ತಿರುಗಿಸಿದ. "ಅದೇ ಬೇಕಮ್ಮಾ. ತೊಡೆ ಮೇಲೆ ಕೂತ್ರೆ ಅದೇ ಅನ್ನಿಸ್ಬೇಕು. ನನ್ನ ಹೆಂಡ್ತಿಗೆ ಕಣ್ಣು ಹೋಗಿದೆ. ಕೈಗೇ ಕಾಣಬೇಕು."

ಹೆಸರು ಫಿದೆನ್ಸಿಯೊ. ಮೂವತ್ತು ವರ್ಷ ತೊಲೂಕಾ ಪಟ್ಟಣಕ್ಕೆ ಬಸ್ಸು ಓಡಿಸಿದವನು. ಹೆಂಡತಿ ಲಿಯೊನಿಲಾ ಕೂಡ ಕರಡಿ ಹೊಲಿಯಲು ಕೂತವಳೇ. "ಈ ಊರಲ್ಲಿ ಯಾರು ಕೂತಿಲ್ಲ ಹೇಳಿ," ಎಂದ. ಕಣ್ಣು ಮಬ್ಬಾದ ಮೇಲೆ ಮಗಳು ಇಬ್ಬರನ್ನೂ ತೊಲೂಕಾದ ತನ್ನ ನಾಲ್ಕನೇ ಮಹಡಿಯ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಕೋಳಿ ಸಾಕುವಂತಿಲ್ಲ. ಲಿಯೊನಿಲಾಗೆ ಒಂದು ಕಂದು ಹೇಂಟೆ ಇತ್ತು. ಅಂಗಳದ ನಾಯಿಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದುದರಿಂದ ಅದಕ್ಕೆ ದಂಡನಾಯಕಿ ಎಂದೇ ಹೆಸರು. ದಿನಾ ಸಂಜೆ ಅವಳ ತೊಡೆಯ ಮೇಲೆ ಕೂತು ತೂಕಡಿಸುತ್ತಿತ್ತು. ಅದನ್ನು ಬೀಗರ ಮನೆಯಲ್ಲಿ ಬಿಟ್ಟು ಹೋದರು.

"ಈಗ ಐದು ವಾರ ಆಯ್ತು, ಒಂದು ಮಾತಾಡಲ್ಲ. ಹೂಂ, ಉಹೂಂ, ಅಷ್ಟೆ. ಕೈ ಎರಡೂ ಹೀಗೆ ಪಕ್ಕಕ್ಕೆ ಬಿಟ್ಕೊಂಡು ಕೂತಿರ್ತಾಳೆ. ಆ ಕೈ ಸುಮ್ನೆ ಇದ್ದಿದ್ದನ್ನ ನಾನು ಜನ್ಮದಲ್ಲಿ ನೋಡಿರಲಿಲ್ಲ."

"ಹೋಗಿ ಆ ಕೋಳೀನೇ ತಂದು ಒಂದು ದಿನ ಕೂರಿಸಿ ಬರಬಹುದಿತ್ತಲ್ಲ," ಎಂದಳು ಚೋಲೆ.

ಫಿದೆನ್ಸಿಯೊ ನೆಲ ನೋಡಿದ. "ಅದೇ ಹೊತ್ತಿಗೆ ಬೀಗರ ಮನೇಲಿ ಮಗುವಿಗೆ ಜ್ಞಾನಸ್ನಾನ ಇತ್ತು. ಊಟಕ್ಕೆ ಕರೆದಿದ್ರು, ಹೋಗಿದ್ದೆ. ಒಣಮೆಣಸಿನ ಗಟ್ಟಿ ಸಾರಲ್ಲಿ ಕೋಳಿ. ಎರಡು ತುಂಡು ತಿಂದೆ. ಆಮೇಲೆ ಹಿತ್ತಲಿಗೆ ಹೋಗಿ ನೋಡಿದೆ."

ಚೋಲೆಯ ಬಾಯಿಂದ ಅರ್ಧ ನಗು ಹೊರಟು ಅಲ್ಲೇ ನಿಂತಿತು.

"ಅವಳಿಗೆ ಹೇಳಿಲ್ಲ," ಎಂದ ಮುದುಕ. "ಸಾವಿರದ ನೂರೇ ಆಗ್ಲಿ. ಮಾಡಿಕೊಡಿ."

ಕೊಟ್ಟದ್ದು ಒಂದು ಫೋಟೋ, ಹಳೆಯ ಬುಟ್ಟಿಯಲ್ಲಿ ಸಿಕ್ಕಿದ ಒಂದು ಕಂದು ಗರಿ.

ಆ ಗರಿಯನ್ನು ಹಿಡಿದುಕೊಂಡು ಇಲಾರಿಯಾ ಬಟ್ಟೆಯಂಗಡಿಗಳನ್ನು ಮೂರು ಸುತ್ತು ಹಾಕಿದಳು. ಪಕ್ಕದ ಮನೆಯ ಕೋಳಿಯನ್ನು ಎರವಲು ತಂದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಕೂರಿಸಿದಳು. ಎರಡು ಕಿಲೋ ಇನ್ನೂರು ಗ್ರಾಂ ತೂಗಿದ ಅದು ಅಂಗಡಿಯವನ ಲೆಕ್ಕದ ಪುಸ್ತಕದ ಮೇಲೆ ಹಿಕ್ಕೆ ಹಾಕಿ ಇಳಿಯಿತು. ತೂಕಕ್ಕೆಂದು ಜೋಳದ ಕಾಳನ್ನು ಹುಳು ಹಿಡಿಯದಂತೆ ಹುರಿದು, ಚೀಲ ಹೊಲಿದು ಬಟ್ಟೆ ಕೋಳಿಯ ಹೊಟ್ಟೆಗೆಂದು ತೆಗೆದಿಟ್ಟಳು. ಮೊದಲ ಬೆಡ್‌ಶೀಟ್ ಕೋಳಿ ಬಾತುಕೋಳಿಯಾಯಿತು, ಎರಡನೆಯದು ಚಹಾ ಕುದಿಸುವ ಪಾತ್ರೆಯಾಯಿತು. ಮೂರನೆಯದು ಕೋಳಿ.

ಆಮೇಲೆ ನಿಜವಾದ ಬಟ್ಟೆ. ಕೂದಲಿರುವ ಬಟ್ಟೆಗೆ ಕತ್ತರಿ ಹಾಕಿದರೆ ಕೂದಲೂ ತುಂಡಾಗುತ್ತದೆ. ಅದನ್ನು ತಿರುವಿ ಹಾಕಿ, ಬಟ್ಟೆಯ ಹಿಂಬದಿಯ ನೂಲನ್ನು ಮಾತ್ರ ಬ್ಲೇಡಿನ ತುದಿಯಿಂದ ಸೀಳಬೇಕು. ಇಪ್ಪತ್ತಾರು ತುಂಡು. ಹೊಲಿಗೆಯ ಕೆಳಗೆ ಸಿಕ್ಕಿಬಿದ್ದ ಕೂದಲನ್ನು ಸೂಜಿಮೊನೆಯಿಂದ ಒಂದೊಂದಾಗಿ ಎಬ್ಬಿಸಬೇಕು. ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಚೋಲೆ ಏಳುನೂರು ಕರಡಿಗಳ ಹೊಟ್ಟೆ ತುಂಬಿಸಿ ಕಳಿಸಿದ್ದಳು.

"ಅತ್ತಿಗೆ, ಆ ಕೋಳಿ ಮೊಟ್ಟೆ ಇಟ್ರೆ ಮಾತ್ರ ನಿಂಗೆ ಕೂಲಿ ಹುಟ್ಟುತ್ತೆ ನೋಡು," ಎಂದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಫಿದೆನ್ಸಿಯೊ ಒಬ್ಬನೇ ಬರಲಿಲ್ಲ. ಮಗಳು ಕೆಲಸಕ್ಕೆ ಹೋಗುತ್ತಾಳೆ, ಮನೆಯಲ್ಲಿ ಒಂಟಿಯಾಗಿ ಬಿಡುವಂತಿಲ್ಲ ಎಂದು ಹೆಂಡತಿಯನ್ನೂ ಕೈ ಹಿಡಿದು ಬಸ್ಸಿನಲ್ಲಿ ಕರೆತಂದಿದ್ದ. ಚಳಿಗೆ ಬಿಗಿಯಾಗಿ ಶಾಲು ಸುತ್ತಿಕೊಂಡ ಸಣ್ಣ ಹೆಂಗಸು. ಹೊಸ್ತಿಲಲ್ಲಿ ನಿಂತು ಮೂಗೆಳೆದಳು. ಹೊಸ ಬಟ್ಟೆ, ಮೆಷಿನ್ ಎಣ್ಣೆ, ಹತ್ತಿಯ ಧೂಳು. ಬೆಂಚಿನ ಮೇಲೆ ಕೂತಳು. ಚೋಲೆ ಬಿಸಿ ಗಂಜಿಯ ಲೋಟ ಕೊಡಲು ಹೋದರೆ "ಉಹೂಂ" ಎಂದಳು.

ಇಲಾರಿಯಾ ಕೋಳಿಯನ್ನು ತಂದು ಅವಳ ತೊಡೆಯ ಮೇಲೆ ಇಟ್ಟಳು. ಭಾರಕ್ಕೆ ಲಂಗ ಸ್ವಲ್ಪ ತಗ್ಗಿತು.

ಪಕ್ಕದಲ್ಲಿದ್ದ ಕೈಗಳು ಪಕ್ಕದಲ್ಲೇ ಇದ್ದವು. ಫಿದೆನ್ಸಿಯೊ ಗೋಡೆಗೆ ಅಂಟಿಕೊಂಡು ನಿಂತಿದ್ದ. ಕಣ್ಣಾಸ್ಪತ್ರೆಯ ಬಾಗಿಲಲ್ಲೂ ಅವನು ಹಾಗೇ ನಿಂತಿರಬೇಕು. ಚೋಲೆ ಹತ್ತಿ ತುರುಕುವುದನ್ನು ನಿಲ್ಲಿಸಿದ್ದಳು.

ಬಲಗೈ ಎದ್ದಿತು. ಜುಟ್ಟನ್ನು ಮುಟ್ಟಿತು, ಕತ್ತಿಗೆ ಇಳಿಯಿತು, ಬೆನ್ನ ಮೇಲೆ ನಿಧಾನವಾಗಿ ಸರಿಯಿತು. ಬಾಲದ ಹತ್ತಿರ ಬಂದದ್ದೇ ನಿಂತುಬಿಟ್ಟಿತು. ಮತ್ತೆ ಕತ್ತಿಗೆ ಹೋಗಿ ಮತ್ತೆ ಇಳಿಯಿತು. ಅಲ್ಲೇ ನಿಂತಿತು. ಲಿಯೊನಿಲಾ ಬಾಲವನ್ನು ಎರಡು ಬೆರಳಲ್ಲಿ ಹಿಸುಕಿದಳು.

"ಇದನ್ನ ಕತ್ತರಿಸಿದೋರು ಯಾರು?"

"ನಾನು," ಎಂದಳು ಇಲಾರಿಯಾ.

"ಕರಡಿಯೋಳಾ?"

"ಮೂವತ್ತೆಂಟು ವರ್ಷ."

"ಗೊತ್ತಾಗುತ್ತೆ. ಬಾಣಾನ ಕೆಳಕ್ಕೆ ಇಟ್ಟಿದ್ದೀಯ."

ಅಚ್ಚಿನ ಪ್ರತಿ ತುಂಡಿನ ಮೇಲೂ ಒಂದು ಬಾಣ ಬರೆಯುತ್ತಾರೆ, ಬಟ್ಟೆಯ ಕೂದಲು ಯಾವ ಕಡೆಗೆ ಓಡಬೇಕು ಎಂದು. ಕರಡಿಗೆ ಯಾವಾಗಲೂ ಕೆಳಕ್ಕೆ. ಊರಿನಲ್ಲಿ ಮಕ್ಕಳಿಗೆ ಅಕ್ಷರ ಬರುವ ಮೊದಲು ಇದು ಬರುತ್ತದೆ. ಇಲಾರಿಯಾ ಕೋಳಿಯ ಮೈಗೆ ಎಚ್ಚರವಿಟ್ಟು ತಲೆಯಿಂದ ಹಿಂದಕ್ಕೆ ಬಾಣ ಬರೆದಿದ್ದಳು. ಆದರೆ ಬಾಲ ನೆಟ್ಟಗೆ ನಿಲ್ಲುವಂಥದ್ದು. ನೆಟ್ಟಗೆ ನಿಲ್ಲುವುದನ್ನು ಕಂಡ ಕೂಡಲೇ ಮೂವತ್ತೆಂಟು ವರ್ಷದ ಕೈ ಅವಳನ್ನು ಕೇಳದೆಯೇ ಬಾಣವನ್ನು ಕೆಳಕ್ಕೆ ತಿರುಗಿಸಿತ್ತು.

"ಕೋಳಿ ಬಾಲದ ಗರಿ ಮೇಲಕ್ಕೆ ಹೋಗುತ್ತೆ ತಾಯಿ. ನನ್ನ ಕೈ ಜಾರಿಕೊಂಡು ಬಂದು ಇಲ್ಲಿ ಗೋಡೆಗೆ ಬಡಿದ ಹಾಗಾಯ್ತು."

ಇಲಾರಿಯಾ ಕಣ್ಣು ಮುಚ್ಚಿ ತಾನೂ ಸವರಿ ನೋಡಿದಳು. ಹೌದು, ಗೋಡೆ. ಹನ್ನೊಂದು ದಿನ ಕಣ್ಣು ತೆರೆದುಕೊಂಡೇ ನೋಡಿದ್ದಳು.

"ಲಿಯೊನಿಲಾ," ಎಂದ ಫಿದೆನ್ಸಿಯೊ ಮೆಲ್ಲಗೆ. "ನೀನು ಮಾತಾಡ್ತಾ ಇದ್ದೀಯ."

"ನಿನ್ನ ಹತ್ರ ಅಲ್ಲ. ದಂಡನಾಯಕೀನ ತಿಂದು ಬಂದವನ ಹತ್ರ ನನಗೇನು ಮಾತು?"

ಮುದುಕನ ಕೈಯಿಂದ ಟೋಪಿ ಬಿತ್ತು. "ನಿಂಗ್ಯಾರು ಹೇಳಿದ್ರು?"

"ಕಣ್ಣು ಹೋಗಿರೋದು ಮುದುಕಾ, ಮೂಗಲ್ಲ. ಅಂಗಿ ತುಂಬಾ ಸಾರಿನ ವಾಸನೆ ಹೊತ್ಕೊಂಡು ಬಂದೆ. ನನ್ನ ಕೋಳಿ ಹೇಗಿದೆ ಅಂದ್ರೆ ಚೆನ್ನಾಗಿದೆ ಅಂದೆ. ಆ ದನಿ ಕೇಳಿದ್ರೆ ಕಿವುಡಿಗೂ ಗೊತ್ತಾಗ್ತಿತ್ತು."

"ತಿನ್ನೋವಾಗ ಗೊತ್ತಿರಲಿಲ್ಲ ಕಣೇ. ಆಣೆ."

ಲಿಯೊನಿಲಾ ಕೋಳಿಯ ಕತ್ತನ್ನು ಸವರಿದಳು. "ಹೇಗಿತ್ತು?"

ಫಿದೆನ್ಸಿಯೊ ಯೋಚಿಸಿದ. ಸುಳ್ಳು ಹೇಳುವ ಧೈರ್ಯ ಇನ್ನು ಅವನಿಗಿರಲಿಲ್ಲ. "ಗಟ್ಟಿ ಇತ್ತು."

"ಇರಬೇಕಾದ್ದೇ. ಏಳು ವರ್ಷದವಳು." ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಇಲಾರಿಯಾ ಹೆದರಿದಳು. ಅಳುವಲ್ಲ, ನಗು. ಚೋಲೆಯಂತೂ ಕರಡಿಯಲ್ಲಿ ಮುಖ ಹುದುಗಿಸಿಕೊಂಡಳು.

ನಗು ನಿಂತ ಮೇಲೆ ಲಿಯೊನಿಲಾ ಗಂಜಿ ಕೇಳಿ ತೆಗೆದುಕೊಂಡು ಎರಡು ಗುಟುಕು ಕುಡಿದಳು. ಆಮೇಲೆ ಕೋಳಿಯನ್ನು ಮಗುಚಿ ಹೊಲಿಗೆಗಳ ಮೇಲೆ ಬೆರಳು ನಡೆಸಿದಳು. ತುಟಿ ಅಲುಗುತ್ತಿತ್ತು. "ಇಪ್ಪತ್ತಾರು ತುಂಡು. ಕೂದಲೆಲ್ಲ ಎಬ್ಬಿಸಿದ್ದೀಯ, ಒಂದೂ ಸಿಕ್ಕಿಕೊಂಡಿಲ್ಲ. ಒಳಗೆ ಜೋಳ. ಅಚ್ಚು ಎಷ್ಟು ಸಲ ಹಾಕಿದೆ?"

"ಮೂರು."

"ಎಷ್ಟು ಕೇಳಿದೆ ಇವನ ಹತ್ರ?"

"ಸಾವಿರದ ನೂರು," ಎಂದ ಫಿದೆನ್ಸಿಯೊ. "ನಾನೂ ಮೊದಲು ಜಾಸ್ತಿ ಆಯ್ತು ಅಂದೆ."

"ಬಾಯ್ಮುಚ್ಚು. ಇದಕ್ಕೆ ಸಾವಿರದ ಐನೂರು." ಲಿಯೊನಿಲಾ ಮುಖವನ್ನು ಇಲಾರಿಯಾ ನಿಂತ ಕಡೆಗೆ ಸರಿಯಾಗಿ ತಿರುಗಿಸಿದಳು. "ನಾನು ಮೂವತ್ತು ವರ್ಷ ಕರಡಿಗಳ ಬೆನ್ನು ಮುಚ್ಚಿದೆ. ಕಪ್ಪು ಬಟ್ಟೆ ಮೇಲೆ ಕಪ್ಪು ದಾರ. ಅಂಗಡೀಲಿ ಜನ ಅಗ್ಗ ಆಯ್ತು ಅಂತ ಖುಷಿಯಾಗಿ ತಗೊಂಡು ಹೋಗ್ತಿದ್ರಲ್ಲ, ಉಳಿದ ಬೆಲೆ ಈ ಕಣ್ಣಿಂದಲ್ಲದೆ ಇನ್ನೆಲ್ಲಿಂದ ಬರ್ತಿತ್ತು ಅಂದ್ಕೊಂಡೆ? ನೀನು ಕಡಿಮೆ ಹೇಳಬೇಡ. ಹೇಳಿದ್ರೆ ನಮಗೆಲ್ಲ ಕಡಿಮೆ ಹೇಳಿದ ಹಾಗೆ."

ಮೂರು ವರ್ಷದಲ್ಲಿ ಜಾಸ್ತಿ ಎಂದವರಿಗೆ ಹೇಳಲು ಇಲಾರಿಯಾಳ ಹತ್ತಿರ ಎಷ್ಟೋ ಮಾತುಗಳಿದ್ದವು. ಕಡಿಮೆ ಎಂದವರಿಗೆ ಒಂದೂ ಇರಲಿಲ್ಲ. ಮೂಗನ್ನು ಏಪ್ರನ್ನಿಗೆ ಒರೆಸಿಕೊಂಡು, "ಬಾಲ ಬಿಚ್ಚುತ್ತೀನಿ," ಎಂದಷ್ಟೇ ಅಂದಳು.

ತಪ್ಪು ಕತ್ತರಿಸಿದವಳೇ ಬಿಚ್ಚಬೇಕು, ಅದು ಊರಿನ ರೂಢಿ. ಬಿಚ್ಚಿದಳು. ಹೊಸ ಬಟ್ಟೆಯ ಮೇಲೆ ಬಾಣವನ್ನು ಮೇಲಕ್ಕೆ ಬರೆದು, ಬ್ಲೇಡಿನ ತುದಿಯಲ್ಲಿ ಸೀಳಿ, ಮೆಷಿನ್ನಿಗೆ ಹಾಕಿ, ಹತ್ತಿ ತುಂಬಿದಳು. ಮೈಗೆ ಸೇರಿಸಿ ಮುಚ್ಚಲು ಸೂಜಿ ತೆಗೆದುಕೊಂಡಾಗ ಲಿಯೊನಿಲಾ ಕೈ ಚಾಚಿದಳು.

"ಮುಚ್ಚೋದು ನನ್ನ ಕೆಲಸ. ಸಾವಿರದ ಐನೂರರಲ್ಲಿ ಅದರ ಕೂಲಿ ಮುರ್ಕೊಂಡು ಉಳಿದದ್ದು ಪೂರ್ತಿ ತಗೋ. ಏ ಮುದುಕಾ, ದಾರ ಪೋಣಿಸು."

ಫಿದೆನ್ಸಿಯೊ ಕನ್ನಡಕ ಹುಡುಕಿ ಹಾಕಿಕೊಂಡ. "ಬಸ್ಸು ತೆಗೆಯೋಕೆ ಮುಂಚೆ ದಿನಾ ಇಪ್ಪತ್ತು ಸೂಜಿ ಪೋಣಿಸಿ ಕಿಟಕಿ ಪರದೆಗೆ ಚುಚ್ಚಿ ಹೋಗ್ತಿದ್ದೆ," ಎಂದ ಚೋಲೆಗೆ. "ಇವಳು ಎದ್ದು ಒಂದೊಂದೇ ಕಿತ್ಕೊಳ್ಳೋಳು." ಮೂರು ಸಲ ತಪ್ಪಿತು. ನಾಲ್ಕನೆಯ ಸಲ ದಾರ ಸೂಜಿಯ ಕಣ್ಣು ದಾಟಿತು.

ಅವಳು ಹೊಲಿದಳು. ಎಡಗೈ ಹೆಬ್ಬೆರಳು ಮುಂದೆ ಮುಂದೆ ದಾರಿ ನೋಡುತ್ತ, ಸೂಜಿ ಅದರ ಹಿಂದೆ. ಹೊಲಿಗೆ ಎಲ್ಲಿ ಬಿತ್ತು ಎಂದು ಇಲಾರಿಯಾ ಬಗ್ಗಿ ನೋಡಿದರೂ ಕಾಣಲಿಲ್ಲ. ಕೊನೆಯ ಗಂಟು ಹಾಕಿ ಲಿಯೊನಿಲಾ ದಾರವನ್ನು ಹಲ್ಲಿನಿಂದ ಕಡಿದಳು.

"ನಿಮ್ಮ ಉಪಕಾರ ಹೇಗೆ ತೀರಿಸ್ಲಿ ಅಮ್ಮಾ," ಎಂದ ಫಿದೆನ್ಸಿಯೊ, ಇಲಾರಿಯಾಳ ಎರಡೂ ಕೈ ಹಿಡಿದು.

"ನೀವಲ್ಲ ಯಜಮಾನ್ರೇ," ಎಂದಳು ಅವಳು. "ಆ ಮಾತು ನಾನು ಹೇಳಬೇಕಾದ್ದು."

"ಇಬ್ರೂ ಆಮೇಲೆ ಹೇಳ್ಕೊಳ್ಳಿ, ಗಂಜಿ ಆರುತ್ತೆ," ಎಂದಳು ಚೋಲೆ.

ಬೆಂಚಿನ ಮೇಲೆ ಲಿಯೊನಿಲಾಳ ಕೈ ಕೋಳಿಯ ಜುಟ್ಟಿನಿಂದ ಹೊರಟು, ಕತ್ತು, ಬೆನ್ನು ದಾಟಿ, ಬಾಲದ ಮೇಲೆ ಎಲ್ಲೂ ತಡೆಯದೆ ಹತ್ತಿ, ತುದಿಯಿಂದ ಗಾಳಿಗೆ ಜಾರಿತು. ಮತ್ತೊಮ್ಮೆ ಜಾರಿತು. ಆಮೇಲೆ ಅದೇ ಕೈ, ಯಾರೂ ಹೇಳಿಕೊಡದೆ, ಕೋಳಿಯ ಹೊಟ್ಟೆಯ ಕೆಳಗೆ ನುಸುಳಿ ಮೊಟ್ಟೆ ಇದೆಯೋ ಎಂದು ತಡಕಾಡಿತು. ಏನೂ ಸಿಗಲಿಲ್ಲ. ಕೈಯನ್ನು ಹೊರಗೆ ತೆಗೆಯದೆ, ಆ ಭಾರದ ಕೆಳಗೆ ಹಾಗೇ ಇಟ್ಟುಕೊಂಡು ಕೂತಳು.