ನಡುವೆ ಬಿಟ್ಟರೆ

ಸಂಕ್ರಾಂತಿ ಕಳೆದ ವಾರ ಸಯನ್ನಿನ ಹಳೆಯ ಬಿಲ್ಡಿಂಗೊಂದರಲ್ಲಿ ಅರಿಸಿನ-ಕುಂಕುಮ ನಡೆದಿತ್ತು. ಚಂದ್ರವ್ವನ ಮನೆಯ ಹೊಸ್ತಿಲಾಚೆ ಚಪ್ಪಲಿಗಳ ರಾಶಿ. ಒಳಗೆ ಎಳ್ಳುಬೆಲ್ಲ, ನಗು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಹತ್ತಾರು ಸೀರೆಗಳ ನಡುವೆ ಕಂಪನಿಯ ನೀಲಿ ಟೀ ಶರ್ಟ್ ತೊಟ್ಟು ಕುಳಿತವಳು ನಿಶ್ಮಿತಾ. ಕುರ್ಲಾದಲ್ಲಿ ಹುಟ್ಟಿ ಬೆಳೆದ ಹುಡುಗಿ. ತಂದೆ ಕೊರಗಪ್ಪ ಮೂಲ್ಕಿಯ ಕಡೆಯವರು, ಕುರ್ಲಾ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಮ್ಯಾನೇಜರು. ಮನೆಮನೆಗೆ ಹೋಗಿ ಇಂಟರ್‌ನೆಟ್ ಸಂಪರ್ಕ ಮಾರುವುದು ಅವಳ ಮೊದಲ ನೌಕರಿ.

ಮನೆಯಲ್ಲಿ ತುಳು, ಹೊರಗೆ ಹಿಂದಿ. ಅವಳ ಕನ್ನಡ ತಡವರಿಸುತ್ತಿತ್ತು. ಆದರೂ ಅವಳ ಮೇಲಧಿಕಾರಿ ಕಿಶೋರ ಒಂದು ವಿಷಯ ಕಂಡುಕೊಂಡಿದ್ದ. ಕನ್ನಡದ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಚೈನು ಹಾಕಿದ ಬಾಗಿಲು ಪೂರ್ತಿ ತೆರೆದುಕೊಳ್ಳುತ್ತಿತ್ತು. ಅದಕ್ಕೇ ಸಯನ್ನಿನ ಕನ್ನಡದ ಮನೆಗಳನ್ನೆಲ್ಲ ಅವಳಿಗೆ ಬಿಟ್ಟುಕೊಟ್ಟಿದ್ದ.

ರೂಟರ್ ಪುಕ್ಕಟೆ, ಜೋಡಣೆ ಪುಕ್ಕಟೆ, ತಿಂಗಳ ಬಿಲ್ಲೂ ಕಡಿಮೆ. ಒಂದು ವರ್ಷದ ಪ್ಲಾನು ಎಂದು ಅವಳು ವಿವರಿಸಿದಳು. ಹೆಂಗಸರು ಮೊಬೈಲು ಹಿಡಿದು ಮುತ್ತಿಕೊಂಡರು. ಚಂದ್ರವ್ವ ಮಾತ್ರ ಕುಂಕುಮದ ಬಟ್ಟಲು ಕೆಳಗಿಟ್ಟು ಕೇಳಿದಳು: "ನಮ್ಮ ಬಿಲ್ಡಿಂಗ್ ಕೆಡವಿ ಹೊಸಾದು ಕಟ್ತಾರಂತ ಎಷ್ಟೋ ವರ್ಷದಿಂದ ಹೇಳಾಕತ್ತಾರ. ಅಕಸ್ಮಾತ್ ಆತು ಅಂದ್ರ, ನಡುವ ಬಿಡಬೇಕಾದ್ರ ಏನಾರ ಕೊಡಬೇಕಾಗ್ತದೇನವಾ?"

ನಿಶ್ಮಿತಾಳಿಗೆ ಉತ್ತರ ಗೊತ್ತಿತ್ತು. ವರ್ಷ ತುಂಬುವ ಮೊದಲು ಬಿಟ್ಟರೆ ಕಂಪನಿ ತಾನು ಕೊಟ್ಟ ರಿಯಾಯಿತಿಯನ್ನು ವಾಪಸು ವಸೂಲಿ ಮಾಡುತ್ತದೆ. ಆದರೆ ಬಿಡುವ ಮಾತನ್ನು ನೀವಾಗಿ ತೆಗೆಯಬೇಡಿ ಎಂದು ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರು.

"ಅಂಥದ್ದೆಲ್ಲ ಏನಿಲ್ಲ ಆಂಟಿ. ಟೆನ್ಷನ್ ಬೇಡ, ನಾನು ಇದ್ದೇನಲ್ಲ" ಎಂದಳು.

ಚಂದ್ರವ್ವ ನಿರಾಳವಾಗಿ ಮೊಬೈಲು ತೆಗೆದು ಕರಾರಿಗೆ ಓಕೆ ಒತ್ತಿದಳು. ಆ ಮಧ್ಯಾಹ್ನವೊಂದರಲ್ಲೇ ಬಿಲ್ಡಿಂಗಿನ ಅರ್ಧಕ್ಕರ್ಧ ಮನೆಗಳು ನಿಶ್ಮಿತಾಳ ಪಾಲಾದವು. ತಿಂಗಳ ಕೊನೆಗೆ ಆಫೀಸಿನಲ್ಲಿ ಅವಳ ಹೆಸರು ಎಲ್ಲರಿಗಿಂತ ಮೇಲೆ. ಕೊರಗಪ್ಪ ಹೋಟೆಲಿನ ಗಿರಾಕಿಗಳಿಗೆಲ್ಲ ಮಗಳ ಸುದ್ದಿ ಹೇಳಿ ಮೈಸೂರ್ ಪಾಕ್ ಹಂಚಿದರು.

ಹೋಳಿ ಮುಗಿಯುತ್ತಲೇ ಯಾರೂ ನಂಬದಿದ್ದ ಸುದ್ದಿ ಬಂತು. ವರ್ಷಗಟ್ಟಲೆ ಕೊಳೆಯುತ್ತಿದ್ದ ಫೈಲು ಪಾಸಾಗಿ, ಬಿಲ್ಡಿಂಗ್ ಕೆಡವಲು ಅನುಮತಿ ಸಿಕ್ಕಿತ್ತು. ಮೆಟ್ಟಿಲ ತುಂಬ ಪೇಡಾ ಹಂಚಿಕೆ, ಗುಲಾಲು. ಲಿಫ್ಟು ಬರುತ್ತದೆ, ದೊಡ್ಡ ಅಡುಗೆಮನೆ ಬರುತ್ತದೆ ಎಂದು ಮುದುಕರೂ ಮಕ್ಕಳಂತೆ ಕನಸು ಕಟ್ಟಿದರು. ಅಲ್ಲಿಯವರೆಗೆ ಬಾಡಿಗೆ ಮನೆ ನೋಡಿಕೊಳ್ಳಬೇಕಿತ್ತು. ಚಂದ್ರವ್ವ ಬೊರಿವಲಿಯ ತಮ್ಮನ ಮನೆಗೆ ಹೋಗುವುದೆಂದಾಯಿತು. ಅಲ್ಲಿ ಆಗಲೇ ಇಂಟರ್‌ನೆಟ್ ಇತ್ತು. ತನ್ನದನ್ನು ನಿಲ್ಲಿಸಲು ಕಂಪನಿಗೆ ಫೋನು ಮಾಡಿದಾಗ, ನಡುವೆ ಬಿಡುವುದಕ್ಕೆ ಶುಲ್ಕ ಕಟ್ಟಬೇಕೆಂದು ಉತ್ತರ ಬಂತು. ಸುದ್ದಿ ಮನೆಯಿಂದ ಮನೆಗೆ ಹಬ್ಬಿ, ಪೇಡಾ ತಿಂದ ಬಾಯಿಗಳೆಲ್ಲ ಕಹಿಯಾದವು.

ಚಂದ್ರವ್ವ ನಿಶ್ಮಿತಾಳಿಗೆ ಫೋನು ಮಾಡಿದಳು. ಬೈಯಲಿಲ್ಲ. ರವಿವಾರ ಸೊಸೈಟಿಯ ಮೀಟಿಂಗ್ ಇದೆ, ಬಂದು ಹೋಗು ಎಂದಷ್ಟೇ ಹೇಳಿ ಇಟ್ಟಳು.

ಹೋಗುವುದೇ ಬೇಡವೆಂದ ಕಿಶೋರ. ಅವನೇನೂ ಕೆಟ್ಟವನಲ್ಲ, ಅವಳ ಮೇಲೆ ಹತ್ತು ಜನ ಮುಗಿಬೀಳುವುದು ಅವನಿಗೆ ಬೇಕಿರಲಿಲ್ಲ. "ನಾವು ಸುಳ್ಳು ಬರೆದಿಲ್ಲ ಮಾರಾಯ್ತಿ. ಎಲ್ಲ ಕರಾರಲ್ಲೇ ಉಂಟು, ಅವರೇ ಮೊಬೈಲಲ್ಲಿ ಓಕೆ ಒತ್ತಿದ್ದಾರೆ. ಬಾಗಿಲಲ್ಲೇ ದಂಡದ ಮಾತು ಎತ್ತಿದರೆ ಯಾರು ಒಳಗೆ ಕರೀತಾರೆ? ನನಗೂ ಮೇಲಿನಿಂದ ಪ್ರೆಷರ್ ಉಂಟಲ್ಲ."

ಬರೆದದ್ದರಲ್ಲಿ ಸುಳ್ಳಿರಲಿಲ್ಲ, ನಿಜ. ಸುಳ್ಳು ಇದ್ದದ್ದು ತನ್ನ ಬಾಯಲ್ಲಿ ಎನ್ನುವುದು ನಿಶ್ಮಿತಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ತಾನು ಮಾರುವ ಪ್ಲಾನಿನ ಕರಾರನ್ನು ತಾನೂ ಪೂರ್ತಿ ಓದಿರಲಿಲ್ಲ. ಮರುದಿನ ತಂದೆಯ ಹೋಟೆಲಿನಲ್ಲಿ ಮೂಲೆಯ ಟೇಬಲು ಹಿಡಿದು ಓದಿದಳು. ತಿಳಿಯದ ಕಡೆಯಲ್ಲೆಲ್ಲ, ಸಾಮಾನ್ಯ ಗಿರಾಕಿಯಂತೆ, ಕಂಪನಿಯ ಸಹಾಯವಾಣಿಗೇ ಫೋನು ಮಾಡಿ ಕೇಳಿದಳು. ಮನೆ ಬದಲಾದರೆ? ಹೊಸ ಮನೆಗೆ ನಿಮ್ಮ ಲೈನೇ ಇಲ್ಲದಿದ್ದರೆ? ರೂಟರ್ ಹಿಂದಿರುಗಿಸಿದರೆ? ಆ ಕಡೆಯ ದನಿ ಮೊದಲು ಗಿಳಿಪಾಠ ಒಪ್ಪಿಸಿತು. ಬಿಡದೆ ಕೇಳಿದಾಗ ಒಂದೊಂದೇ ಬಾಯಿಬಿಟ್ಟಿತು. ಕೇಳುತ್ತ ಕೇಳುತ್ತ ನಿಶ್ಮಿತಾ ಕುರ್ಚಿಯಿಂದ ಎದ್ದೇ ನಿಂತಳು. ದಾರಿಗಳಿದ್ದವು! ಯಾರೂ ಕೇಳದ್ದರಿಂದ ಯಾರೂ ಹೇಳಿರಲಿಲ್ಲ, ಅಷ್ಟೇ.

ರವಿವಾರ ಬಿಲ್ಡಿಂಗಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಅವಳನ್ನು ಕಂಡೊಡನೆ ಗದ್ದಲವೆದ್ದಿತು. ಸೊಸೈಟಿಯ ಸೆಕ್ರೆಟರಿ ಬಸವಂತರಾಯರು ಕೈಯೆತ್ತಿ ಸುಮ್ಮನಿರಿಸಿದರು. ನಿಶ್ಮಿತಾ ಮುಂದೆ ಬಂದು ನಿಂತಳು.

"ಚಂದ್ರವ್ವ ಆಂಟಿ ಆ ದಿವಸ ಕೇಳಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲ ಅಂತ ಹೇಳಿದೆ" ಎಂದಳು.

ಯಾರೋ ಗೊಣಗಿದರು, ಯಾರೋ ಕಂಪನಿಗೆ ದೂರು ಕೊಡೋಣವೆಂದರು. ಚಂದ್ರವ್ವ ಮೆಲ್ಲಗೆ ಹೇಳಿದಳು: "ಹಿಂದಿ ಒಳಗ ಹೇಳಿದ್ರ ಇನ್ನೊಬ್ಬರನ್ನ ಕೇಳ್ತಿದ್ನಿ. ನೀ ಕನ್ನಡದಾಗ ಹೇಳಿದಿ. ಅದಕ್ಕ ಸುಮ್ಮನಾದ್ನಿ ತಂಗಿ."

ಬಸವಂತರಾಯರು ಎಲ್ಲರತ್ತ ತಿರುಗಿದರು. "ಬಿಲ್ಡರನ ಕಾಗದಕ್ಕ ವಕೀಲನ್ನ ಹಚ್ಚಿ ಎರಡೆರಡು ಸಲ ಓದಿಸಿದಿವಿ. ಇದಕ್ಕ ಎಳ್ಳುಬೆಲ್ಲ ತಿನ್ನಕೋತ ಓಕೆ ಒತ್ತಿದಿವಿ. ಅಕಿ ಒಬ್ಬಾಕಿಗೇ ಬೈದ್ರ ಹೆಂಗ? ಮುಂದ ಏನ್ ಮಾಡೂದು, ಅದನ್ನ ಕೇಳ್ರಿ."

ಆಗ ಅವಳು ತಿಳಿದುಕೊಂಡು ಬಂದದ್ದನ್ನೆಲ್ಲ ಹೇಳಿದಳು. ಸಂಪರ್ಕ ಹೊಸ ಮನೆಗೆ ವರ್ಗಾಯಿಸಿಕೊಂಡರೆ ಅದು ಬಿಟ್ಟಂತಲ್ಲ, ಶುಲ್ಕವಿಲ್ಲ. ಹೊಸ ವಿಳಾಸಕ್ಕೆ ಕಂಪನಿಯೇ ಲೈನು ಕೊಡಲಾಗದಿದ್ದರೆ ಆಗಲೂ ಶುಲ್ಕ ಕೇಳುವಂತಿಲ್ಲ. ಆದರೆ ಲೈನಿಲ್ಲವೆಂದು ಅವರಿಂದಲೇ ಬರೆಸಿಕೊಳ್ಳಬೇಕು. ಉಳಿದವರಿಗೂ, ಸಂಪರ್ಕ ಇಟ್ಟುಕೊಂಡ ತಿಂಗಳುಗಳಿಗೆ ತಕ್ಕಂತೆ ಶುಲ್ಕ ಇಳಿಯುತ್ತದೆ. ಬಿಲ್ಲು ಕಟ್ಟುವುದನ್ನು ಸುಮ್ಮನೆ ನಿಲ್ಲಿಸುವುದು ಮಾತ್ರ ಬೇಡ, ಬಾಕಿ ಬೆಳೆಯುತ್ತ ಹೋಗುತ್ತದೆ.

ಮೀಟಿಂಗು ಸಂತೆಯಾಯಿತು. ಠಾಣೆಗೆ ಹೋಗುವವರು, ಚೆಂಬೂರಿಗೆ ಹೋಗುವವರು, ಎಲ್ಲರೂ ತಂತಮ್ಮ ಹೊಸ ವಿಳಾಸ ಕೂಗಿ ಹೇಳುವವರೇ. ನಿಶ್ಮಿತಾ ಒಂದೊಂದನ್ನೂ ಮೊಬೈಲಿನಲ್ಲಿ ಹುಡುಕಿ, ಲೈನಿದೆ, ಇಲ್ಲ ಎನ್ನುತ್ತಿದ್ದಂತೆ ಕ್ರಿಕೆಟ್ ಸ್ಕೋರಿಗೆ ಕಾದವರಂತೆ ಜನ ಚಪ್ಪಾಳೆ ತಟ್ಟಿದರು. ಮೇಲಿನ ಮಹಡಿಯ ಅಜ್ಜಿಯೊಬ್ಬಳಿಗೆ ಹೊಸ ವಿಳಾಸವೇ ಬಾಯಿಗೆ ಬರದೆ, ಮಗನನ್ನು ಸ್ನಾನದ ಮನೆಯಿಂದ ಕರೆಸಬೇಕಾಯಿತು.

ತಮ್ಮನ ಮನೆಯಲ್ಲಿ ಆಗಲೇ ಇಂಟರ್‌ನೆಟ್ ಇದ್ದುದರಿಂದ, ಕೊನೆಗೆ ಶುಲ್ಕ ಕಟ್ಟಲೇಬೇಕಾಗಿ ಬಂದವಳು ಚಂದ್ರವ್ವ ಒಬ್ಬಳೇ. ತಾನು ಕೊಡುತ್ತೇನೆಂದು ನಿಶ್ಮಿತಾ ಪಟ್ಟು ಹಿಡಿದಳು. ಚಂದ್ರವ್ವ ಒಪ್ಪಲಿಲ್ಲ. ಕಡಿಮೆ ಬಿಲ್ಲಿನ ಲಾಭ ಉಂಡವಳು ತಾನೇ, ಕಟ್ಟುವವಳೂ ತಾನೇ ಎಂದಳು. "ನಿನಗ ಕೊಡಬೇಕು ಅನಸಿದ್ರ ಮುಂದಿನ ಮನಿಯಾಗ ಖರೇ ಹೇಳು" ಎಂದು, ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. ನಿಶ್ಮಿತಾಳೂ ಕೈಜೋಡಿಸಿದಳು.

ಮರುದಿನ ಕುರ್ಲಾದ ಹೊಸ ಬಿಲ್ಡಿಂಗೊಂದರಲ್ಲಿ ಅವಳು ಬೆಲ್ ಒತ್ತಿದಳು. ಬಾಗಿಲು ತೆರೆದವಳು ಧಾರವಾಡದ ಶೈಲಾ, ಹೊಸದಾಗಿ ಮದುವೆಯಾಗಿ ಬಂದವಳು. ಪುಕ್ಕಟೆಯ ಮಾತು ಬರುವ ಮೊದಲೇ ನಿಶ್ಮಿತಾ ಹೇಳಿಬಿಟ್ಟಳು: "ಅಕ್ಕಾ, ಈ ಪ್ಲಾನ್ ತಗೊಂಡರೆ ಒಂದು ವರ್ಷ ಬಿಡ್ಲಿಕ್ಕೆ ಆಗೂದಿಲ್ಲ. ಬಿಟ್ಟರೆ ಚಾರ್ಜ್ ಉಂಟು. ನೀವು ಇಲ್ಲಿ ಎಷ್ಟು ದಿವಸ ಇರ್ತೀರಿ, ಫಸ್ಟ್ ಅದನ್ನು ಹೇಳಿ."

ಶೈಲಾ ಕಣ್ಣರಳಿಸಿದಳು. ಮನೆ ಬಾಡಿಗೆಯ ಕರಾರು ಇರುವುದೇ ಹನ್ನೊಂದು ತಿಂಗಳಿಗೆ. ಒಂದು ವರ್ಷದ ಪ್ಲಾನು ತಮಗೆ ಹೊಂದುವುದೇ ಇಲ್ಲ ಎಂದು ನಕ್ಕಳು. ನಿಶ್ಮಿತಾಳೂ ನಕ್ಕು, ಯಾವಾಗ ಬೇಕಾದರೂ ಬಿಡಬಹುದಾದ ತಿಂಗಳ ಪ್ಲಾನು ತೋರಿಸಿದಳು. ತಿಂಗಳ ಬಿಲ್ಲು ತುಸು ಹೆಚ್ಚು, ರೂಟರಿಗೆ ಹಣ ಬೇರೆ ಎಂಬುದನ್ನೂ ಮುಚ್ಚಿಡಲಿಲ್ಲ. ಗಂಡನನ್ನು ಕೇಳಿ ಹೇಳುತ್ತೇನೆಂದ ಶೈಲಾ, ಅವಳನ್ನು ಕಳಿಸುವ ಬದಲು ತಾನೇ ಹೊರಗೆ ಬಂದು ಎದುರುಮನೆಯ ಬಾಗಿಲು ಬಡಿದಳು.

"ವೈನಿ, ಹೊರಗ ಬರ್ರಿ. ಈ ಹುಡುಗಿ ಹೇಳೂದೊಂದೀಟು ಕೇಳ್ರಿ."

ಒಳಗಿನಿಂದ ಚೈನು ಕಳಚುವ ಸದ್ದು ಕೇಳಿಸಿತು. ನಿಶ್ಮಿತಾ ಚಪ್ಪಲಿ ಬಿಚ್ಚಿ ನಿಂತಳು.