ವರ್ಲೀನ್ ಬರೆದ ಮೂರು ಚೀಟಿ

ಬಾಲ್ಕನಿಯ ಮರದ ಕಟಕಟೆ ಅಲುಗಾಡೋಕೆ ಶುರುವಾಗಿ ಎರಡು ವರ್ಷ. ಅದರ ಕೆಳಗೇ ಅಡುಗೆಮನೆಯ ಹಿಂಬಾಗಿಲು. ಕಸದ ಚೀಲ ಹೊತ್ತು ವರ್ಲೀನ್ ದಿನಕ್ಕೆ ಹತ್ತು ಸಲ ಅಲ್ಲೇ ದಾಟಬೇಕು. ಮಂಡಿ ಸವೆದಿತ್ತು, ಬೇಗ ದಾಟೋಕೂ ಆಗ್ತಿರಲಿಲ್ಲ.

ಅದು ನಮ್ಮ ಒಹಾಯೊ ಕಾಲೇಜಿನ ಭ್ರಾತೃಸಂಘದ ಮನೆ, ಸಂಘ ಸೇರಿದ ಹುಡುಗರ ಹಾಸ್ಟೆಲು. ಬಾಗಿಲ ಮೇಲೆ ಮೂರು ಗ್ರೀಕ್ ಅಕ್ಷರ, ಒಳಗೆ ಒಬ್ಬರನ್ನೊಬ್ಬರು 'ಸಹೋದರ' ಅನ್ನೋ ಅರವತ್ತು ಜನ. ಕುಡಿಯೋದು, ಕಕ್ಕೋದು ಎಲ್ಲ ಒಟ್ಟಿಗೇ. ಬಳಿಯೋ ಪಾಲು ಮಾತ್ರ ಕಸಮುಸುರೆಯವಳಾದ ನಂದು. ವರ್ಲೀನ್ ಹದಿನೆಂಟು ವರ್ಷದಿಂದ ಅಡುಗೆಯವಳು. ಹುಡುಗರು ಅವಳನ್ನ 'ಅಮ್ಮಾ' ಅನ್ನೋರು. ಹಾಗೆ ಕರೆಯೋಕೆ ಖರ್ಚಿಲ್ಲವಲ್ಲ.

ಸಂಘದ ಹಳೇ ಸಹೋದರ ಪ್ರೆಸ್ಕಾಟ್ ಹೇನ್ಸ್ ಸಾಹೇಬರು ಈಗ ವಕೀಲರು. ಮನೆಯ ಅಪಾಯ ನೋಡಿಕೊಳ್ಳೋ ಹೊಣೆ ಅವರದು. ಅಂದರೆ ಅಪಾಯ ತಪ್ಪಿಸೋದಲ್ಲ, ಕೇಸು ಸಂಘದ ಮೇಲೆ ಬರದ ಹಾಗೆ ತಪ್ಪಿಸೋದು.

"ಸಾರ್, ಆ ಕಟಕಟೆ ಯಾವತ್ತಾದ್ರೂ ಯಾರದಾದ್ರೂ ತಲೆ ಮೇಲೆ ಬೀಳತ್ತೆ," ಅಂದಳು ವರ್ಲೀನ್.

"ಒಳ್ಳೇದು ಹೇಳಿದ್ರಿ. ಬರೆದು ಕೊಡಿ."

ಬರೆದು ಕೊಟ್ಟಳು. ತಿಂಗಳು ಬಿಟ್ಟು ಕೇಳಿದರೆ ಇನ್ನೊಂದು ಬರೆದು ಕೊಡಿ ಅಂದರು. ಮೂರನೇ ಚೀಟಿಗೆ ಫಲ ಸಿಕ್ಕಿತು. ಆಳು ಬಂದು ಗೋಡೆಗೆ ಒಂದು ಬೋರ್ಡು ಹೊಡೆದ: 'ಸ್ವಂತ ಜವಾಬ್ದಾರಿಯ ಮೇಲೆ ಓಡಾಡಿ.'

"ನಾಲ್ಕು ಹೊಸ ಮೊಳೆ ಹೊಡೆದವ್ನೆ ಕಣೆ ಐಡೆಲ್ಲಾ," ಅಂದಳು ವರ್ಲೀನ್ ನನಗೆ. "ಅವನ್ನೇ ಮೇಲೆ ಕಟಕಟೆಗೆ ಹೊಡೆದಿದ್ರೆ ಮುಗೀತಿತ್ತು."

ಅಕ್ಟೋಬರಿನ ಶನಿವಾರ, ಫುಟ್‌ಬಾಲ್ ಪಂದ್ಯದ ಮಧ್ಯಾಹ್ನ, ಮೂವತ್ತು ಸಹೋದರರು ಬಾಲ್ಕನಿಗೆ ಬಂದು ಕುಣಿದರು. ಕಟಕಟೆ ಕಳಚಿತು. ಪುಣ್ಯಕ್ಕೆ ಹುಡುಗರೆಲ್ಲ ಹಿಂದಕ್ಕೆ ಬಿದ್ದರು. ಕಟಕಟೆಯ ತೊಲೆ ಮಾತ್ರ, ಕೆಳಗೆ ಕಸ ಹೊತ್ತು ದಾಟುತ್ತಿದ್ದ ವರ್ಲೀನಳ ಸೊಂಟದ ಮೇಲೆ ಬಿತ್ತು.

ಮೂರನೇ ದಿನ ಸಾಹೇಬರು ಹೂಗುಚ್ಛ ಹಿಡಿದು ಆಸ್ಪತ್ರೆಗೆ ಬಂದರು. ಹೂವಿನ ಹಿಂದೆ ಫೈಲು. ನಾನು ಅಲ್ಲೇ ಕೂತಿದ್ದೆ.

"ತುಂಬಾ ಬೇಜಾರಾಯ್ತು ವರ್ಲೀನ್. ಆದರೆ ಕಾನೂನಿನ ಪ್ರಕಾರ ನೀವು ನಮ್ಮ ಕೆಲಸದವರಲ್ಲ. ಗುತ್ತಿಗೆ ಅಡುಗೆಯವರು. ಹೋದ ವರ್ಷ ಸಹಿ ಮಾಡಿದ್ದೀರಿ."

"ಅದು ರಜಾದ ಕಾಗದ ಅಂದಿದ್ರಿ."

"ಅದರಲ್ಲೇ ಇತ್ತು. ಇನ್ನೊಂದು ವಿಷಯ." ಫೈಲಿನಿಂದ ಅವಳದೇ ಮೂರು ಚೀಟಿ ತೆಗೆದರು. "ಕಟಕಟೆ ಬೀಳತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೆಳಗೆ ನಿಂತಿರಿ. ಅದಕ್ಕೆ ಸಂಘ ಹೇಗೆ ಹೊಣೆ?"

ವರ್ಲೀನ್ ಚೀಟಿಗಳನ್ನ ಒಂದು ಸಲ ನೋಡಿದಳು. "ನಂಗೆ ಗೊತ್ತಿತ್ತು ಸಾರ್," ಅಂದಳು. "ನಿಮಗೆ ಓದೋಕೆ ಬರಲ್ಲ ಅನ್ನೋದು ಗೊತ್ತಿರಲಿಲ್ಲ."

ಸಾಹೇಬರು ನನ್ನ ಕಡೆ ತಿರುಗಿ ಒಂದು ಹಾಳೆ ಚಾಚಿದರು. ಬೋರ್ಡು ಎಲ್ಲರಿಗೂ ಕಾಣೋ ಹಾಗಿತ್ತು ಅಂತ ನಾನು ಸಾಕ್ಷಿ ಸಹಿ ಹಾಕಬೇಕಂತೆ. ಹಾಕಿದರೆ ನನ್ನ ಕೆಲಸ ಗಟ್ಟಿಯಾಗುತ್ತಂತೆ. ಹಾಳೆ ಮಡಚಿ ಅವರ ಹೂಗುಚ್ಛಕ್ಕೇ ಸಿಕ್ಕಿಸಿದೆ. ಮರುದಿನ ನನಗೆ ಕೆಲಸವಿರಲಿಲ್ಲ.

ನೇರ ಎದುರುಮನೆಗೆ ಹೋದೆ. ಅದು ಹುಡುಗಿಯರ ಸಂಘದ ಮನೆ, ಅಡುಗೆಯವಳು ಮರಿಸೋಲ್. ಎಲ್ಲ ಕೇಳಿ ಈರುಳ್ಳಿ ಹೆಚ್ಚೋದು ನಿಲ್ಲಿಸಿದಳು. "ನಮ್ಮಲ್ಲಿ ಬೆಂಕಿ ಬಿದ್ರೆ ಓಡೋ ಬಾಗಿಲಿಗೇ ಬೀಗ ಹಾಕವ್ರೆ. ನಾನೂ ಎರಡು ಸಲ ಬರೆದು ಕೊಟ್ಟೀನಿ." ಆ ಬೀದಿಯ ಒಂಬತ್ತು ಸಂಘದ ಮನೆಯ ಅಡುಗೆಯವರೂ ಏನಾದರೊಂದು ಬರೆದು ಕೊಟ್ಟವರೇ. ಎಲ್ಲ ಸೇರಿಸಿ ಒಂದೇ ಕಾಗದ ಮಾಡಿದೆವು, ಒಂಬತ್ತೂ ಜನ ಸಹಿ ಹಾಕಿದರು. ಮೊದಲ ಸಾಲು ವರ್ಲೀನ್ ಮಲಗಿದಲ್ಲೇ ಹೇಳಿ ಬರೆಸಿದಳು.

ಹುಡುಗರ ಅಪ್ಪ ಅಮ್ಮಂದಿರು ಬರೋ ಭಾನುವಾರ ಸಂಘದ ಮನೆ ಮುಂದಿನ ಹುಲ್ಲುಹಾಸಿನ ಮೇಲೆ ಊಟ. ಸಹೋದರತ್ವದ ಬಗ್ಗೆ ಸಾಹೇಬರ ಭಾಷಣ ಮುಗಿದು ಚಪ್ಪಾಳೆ ಬೀಳುತ್ತಿದ್ದಾಗ ಮರಿಸೋಲ್ ಏಪ್ರನ್ನಿನಲ್ಲೇ ಹೋಗಿ ಮೈಕು ಹಿಡಿದಳು. ಯಾವ ಮನೆಯಲ್ಲಿ ಯಾವ ಮೆಟ್ಟಿಲು ಕೊಳೆತಿದೆ, ಯಾವ ಬಾಗಿಲಿಗೆ ಬೀಗ, ಯಾವ ತಾರೀಕು ಯಾರಿಗೆ ಹೇಳಿದ್ದು, ಒಂದೊಂದೇ ಓದಿದಳು. ಒಬ್ಬ ತಾಯಿ ತಟ್ಟೆ ಕೆಳಗಿಟ್ಟು ಮಗನನ್ನು ಕೇಳಿದಳು, "ನಿನ್ನ ರೂಮು ಯಾವುದೋ?"

ಸಾಹೇಬರು ಓಡಿಬಂದು ಮೈಕಿನ ವೈರು ಕಿತ್ತರು.

ಮರಿಸೋಲ್ ನಿಲ್ಲಿಸಲಿಲ್ಲ. ಇಪ್ಪತ್ತು ವರ್ಷ ಮೂರು ಮಹಡಿಯ ಹುಡುಗಿಯರನ್ನ ಕೂಗಿ ಊಟಕ್ಕೆ ಕರೆದ ಗಂಟಲು ಅದು.